ಇಂಜಿನಿನ ದೀಪ ಹೊತ್ತಿಕೊಂಡಾಗ



ನಡುರಾತ್ರಿಯಲ್ಲಿ ಹಸುಗೂಸು ಎದ್ದು ಅಳತೊಡಗಿದರೆ ತಾಯಿಯಾದವಳು ಏನು ಮಾಡುತ್ತಾಳೆ? ಮೊದಲು ಹಣೆಯನ್ನು ಮುಟ್ಟಿ ನೋಡುತ್ತಾಳೆ. ಬಳಿಕ ಹೊಟ್ಟೆಯನ್ನು ಒತ್ತಿ ನೋಡುತ್ತಾಳೆ. ಹಾಸಿಗೆಯಲ್ಲಿ ಇರುವೆ ಇದೆಯೋ ಎಂದು ದೀಪ ಹಿಡಿದು ಹುಡುಕುತ್ತಾಳೆ. ಅಳು ಕೇಳಿದೊಡನೆ ಔಷಧದ ಬಾಟಲಿಗೆ ಕೈ ಹಾಕುವುದಿಲ್ಲ. ಅಳುವು ತೊಂದರೆಯ ಸೂಚನೆ. ಆ ತೊಂದರೆ ಯಾವುದೆಂಬುದನ್ನು ಹುಡುಕಿ ತಿಳಿಯಬೇಕೆಂಬ ವಿವೇಕ ಪ್ರತಿಯೊಬ್ಬ ತಾಯಿಗೂ ಇದೆ. ಆದರೆ ಮನೆಯ ಮುಂದೆ ನಿಂತಿರುವ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಂಜಿನಿನ ಆಕಾರದ ಹಳದಿ ದೀಪವೊಂದು ಹೊತ್ತಿಕೊಂಡರೆ ನಾವು ಈ ವಿವೇಕವನ್ನು ಒಮ್ಮೆಲೇ ಮರೆತುಬಿಡುತ್ತೇವೆ. ಕೆಲವರು ಗಾಬರಿಯಾಗಿ ಹೇಳಿದಷ್ಟು ಹಣ ತೆರುತ್ತಾರೆ. ಕೆಲವರು ಆ ದೀಪಕ್ಕೆ ಕಪ್ಪು ಪಟ್ಟಿ ಅಂಟಿಸಿ ವರ್ಷಗಟ್ಟಲೆ ಓಡಿಸುತ್ತಾರೆ. ಎರಡೂ ತಪ್ಪು. ಈ ತಿಂಗಳು ಆ ದೀಪದ ಹಿಂದಿರುವ ದೋಷಸಂಕೇತಗಳ ಬಗೆಗೆ ನಾಲ್ಕು ಮಾತು ಬರೆಯುತ್ತಿದ್ದೇನೆ. ಇದರಲ್ಲಿ ಯಂತ್ರದ ಸಂಗತಿಯ ಜೊತೆಗೆ ನನ್ನದೇ ಒಂದು ತಪ್ಪಿನ ಕಥೆಯೂ ಇದೆ.

2023ರ ಮಳೆಗಾಲದ ಮಾತು. ಬೈಲಹೊಂಗಲದಲ್ಲಿರುವ ನಮ್ಮ ವೈನಿಯವರಿಗೆ, ಎಂದರೆ ನನ್ನ ಅಣ್ಣನ ಧರ್ಮಪತ್ನಿಗೆ, ಮೂತ್ರಪಿಂಡದ ತೊಂದರೆಯಿಂದಾಗಿ ವಾರಕ್ಕೆ ಎರಡು ಸಲ ಬೆಳಗಾವಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕಾಗಿತ್ತು. ಅಣ್ಣ ತೀರಿಕೊಂಡು ಬಹಳ ವರ್ಷಗಳಾಗಿವೆ. ಕರೆದೊಯ್ಯುವ ಹೊಣೆ ನನ್ನದು. ಮಂಗಳವಾರ ಮತ್ತು ಶುಕ್ರವಾರ ಬೆಳಗಿನ ಆರು ಗಂಟೆಗೆ ಹೊರಟರೆ ನಮ್ಮ ಸರತಿಗೆ ಸರಿಯಾಗಿ ಮುಟ್ಟುತ್ತಿದ್ದೆವು. ಸರತಿ ತಪ್ಪಿದರೆ ಆ ಯಂತ್ರ ಇನ್ನೊಬ್ಬರ ಪಾಲಾಗುತ್ತದೆ, ಕಾಯುತ್ತಾ ಕೂರಬೇಕು. ಆದುದರಿಂದ ನಮ್ಮ ಹಳೆಯ ಪೆಟ್ರೋಲ್ ಕಾರು ಆಗ ನಮಗೆ ಬರಿಯ ವಾಹನವಾಗಿರಲಿಲ್ಲ. ಅದು ಆ ಮನೆಯ ನೆಮ್ಮದಿಯ ಒಂದು ಕಂಬವಾಗಿತ್ತು.

ಜುಲೈ ತಿಂಗಳ ಒಂದು ಮುಂಜಾನೆ ಆ ಹಳದಿ ದೀಪ ಹೊತ್ತಿಕೊಂಡಿತು. ಗಾಡಿ ಓಡುತ್ತಿತ್ತು, ಆದರೆ ನಿಂತಲ್ಲಿ ಇಂಜಿನು ಸಣ್ಣಗೆ ನಡುಗುತ್ತಿತ್ತು. ನಮ್ಮ ಓಣಿಯ ತುದಿಯಲ್ಲಿ ಸಣ್ಣ ಗ್ಯಾರೇಜು ಇಟ್ಟುಕೊಂಡಿರುವ ಯುವಕನೊಬ್ಬನಿದ್ದಾನೆ. ಅವನ ಮುಂದೆ ಗಾಡಿ ನಿಲ್ಲಿಸಿದೆ. ಅವನು ಬಾನೆಟ್ ಎತ್ತಿ, ಕಿವಿಗೊಟ್ಟು ಕೇಳಿ, “ಕಾಕಾ, ಮೊದ್ಲ ಗಾಳಿ ಎಲ್ಲೆರ ಸೋರತೈತೇನ ನೋಡೂಣ್ರಿ. ಸಾಮಾನು ಆಮ್ಯಾಲ ಬದಲಿ ಮಾಡಿದ್ರಾತು. ಮಧ್ಯಾಹ್ನದ ತನಕ ಗಾಡಿ ಬಿಡ್ರಿ” ಎಂದನು. ಅವನ ಅಂಗಡಿಯಲ್ಲಿ ಗಾಜಿನ ಕೋಣೆಯಿಲ್ಲ, ಕುರ್ಚಿಯಿಲ್ಲ. ‘ಇವನಿಗೇನು ತಿಳಿದೀತು’ ಎಂದು ಮನಸ್ಸಿನಲ್ಲಿಯೇ ಅಂದುಕೊಂಡು, “ಇರಲಿ ತಮ್ಮಾ, ಆಮ್ಯಾಲ ಬರ್ತೀನಿ” ಎಂದು ಹೇಳಿ ನೇರವಾಗಿ ನಗರದ ದೊಡ್ಡ ಗ್ಯಾರೇಜಿಗೆ ಹೋದೆ. ಅಲ್ಲಿ ಸ್ಕ್ಯಾನರ್ ಜೋಡಿಸಿದ ಎರಡೇ ನಿಮಿಷದಲ್ಲಿ ಪರದೆಯ ಮೇಲೆ ‘ಪಿ 0171’ ಎಂದು ಮೂಡಿತು. “ಆಕ್ಸಿಜನ್ ಸೆನ್ಸರ್ ಹೋಗೇದ” ಎಂದರು. 6,500 ರೂಪಾಯಿ ಕೊಟ್ಟು ಹೊಸದು ಹಾಕಿಸಿದೆ. ದೀಪ ಆರಿತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡು ಊರಿಗೆ ಬಂದೆ.

ಮುಂದೇನಾಯಿತೆಂಬುದನ್ನು ಹೇಳುವ ಮೊದಲು ಈ ದೀಪ ನಮ್ಮ ಗಾಡಿಗಳಿಗೆ ಎಲ್ಲಿಂದ ಬಂತೆಂಬುದನ್ನು ತಿಳಿದುಕೊಳ್ಳೋಣ. ಅದನ್ನು ಅರಿತರೆ ಅದರ ಭಾಷೆಯೂ ಅರ್ಥವಾಗುತ್ತದೆ.

1943ರ ಜುಲೈ ತಿಂಗಳಿನಲ್ಲಿ ಅಮೆರಿಕೆಯ ಲಾಸ್ ಏಂಜಲೀಸ್ ನಗರವನ್ನು ಕಣ್ಣುರಿಸುವ ದಟ್ಟ ಮುಸುಕೊಂದು ಕವಿಯಿತು. ಎರಡನೆಯ ಮಹಾಯುದ್ಧದ ಕಾಲವಾದ್ದರಿಂದ ಶತ್ರುಗಳು ವಿಷಾನಿಲ ಬಿಟ್ಟರೆಂದೇ ಜನ ಹೆದರಿದರು. 1950ರ ದಶಕದ ಆರಂಭದಲ್ಲಿ ಆರಿ ಹಾಗನ್-ಸ್ಮಿಟ್ ಎಂಬ ಡಚ್ ಮೂಲದ ರಸಾಯನ ವಿಜ್ಞಾನಿ ಇದರ ಗುಟ್ಟನ್ನು ಬಿಡಿಸಿದರು. ವಾಹನಗಳ ಹೊಗೆಯಲ್ಲಿರುವ ಅರೆಸುಟ್ಟ ಇಂಧನದ ಆವಿ ಮತ್ತು ಸಾರಜನಕದ ಆಕ್ಸೈಡುಗಳು ಬಿಸಿಲಿನಲ್ಲಿ ಬೆರೆತು ಆ ಮುಸುಕು ಹುಟ್ಟುತ್ತದೆಂದು ಅವರು ತೋರಿಸಿಕೊಟ್ಟರು. 1967ರ ಕಾನೂನಿನಿಂದ ಕ್ಯಾಲಿಫೋರ್ನಿಯಾದಲ್ಲಿ ವಾಯು ಸಂಪನ್ಮೂಲ ಮಂಡಳಿ ರೂಪುಗೊಂಡಾಗ ಅದರ ಮೊದಲ ಅಧ್ಯಕ್ಷರಾದವರೂ ಅವರೇ.

ಕಾರ್ಖಾನೆಯಿಂದ ಹೊರಬೀಳುವಾಗ ಗಾಡಿ ಶುದ್ಧವಾಗಿದ್ದರೆ ಸಾಲದು, ಬಳಕೆಯಲ್ಲಿ ಕೆಟ್ಟಾಗ ಅದು ತಾನೇ ಕೂಗಿ ಹೇಳಬೇಕು ಎಂಬುದು ಆ ಮಂಡಳಿಯ ವಿಚಾರವಾಗಿತ್ತು. ಹೀಗಾಗಿ 1988ರ ಮಾದರಿಗಳಿಂದ ಕ್ಯಾಲಿಫೋರ್ನಿಯಾದಲ್ಲಿ ಕಾರುಗಳು ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುವ ಏರ್ಪಾಡು ಕಡ್ಡಾಯವಾಯಿತು. ಆದರೆ ಆಗ ಒಂದೊಂದು ಕಂಪನಿಗೆ ಒಂದೊಂದು ಭಾಷೆ, ಒಂದೊಂದು ಬಗೆಯ ಸಾಕೆಟ್ಟು. 1996ರ ಮಾದರಿಗಳಿಂದ ಅಮೆರಿಕೆಯಾದ್ಯಂತ ಎಲ್ಲ ಕಾರುಗಳಿಗೂ ಒಂದೇ ಆಕಾರದ, 16 ಕಡ್ಡಿಗಳ ಸಾಕೆಟ್ಟು ಮತ್ತು ಒಂದೇ ಸಂಕೇತಮಾಲೆ ಬಂದವು. ಅದಕ್ಕೆ ಓಬಿಡಿ-2 ಎಂದು ಹೆಸರು. ನಮ್ಮ ದೇಶದಲ್ಲಿ ಭಾರತ್ ಸ್ಟೇಜ್-4ರ ಕಾರುಗಳಿಗೆ ಇದರ ಮೊದಲ ಹಂತವು 2010ರ ಏಪ್ರಿಲಿನಿಂದಲೂ, ಎರಡನೆಯ ಹಂತವು 2013ರ ಏಪ್ರಿಲಿನಿಂದಲೂ ಜಾರಿಗೆ ಬಂದವು. 2020ರ ಏಪ್ರಿಲಿನಲ್ಲಿ ಬಂದ ಭಾರತ್ ಸ್ಟೇಜ್-6 ಮತ್ತು 2023ರ ಏಪ್ರಿಲಿನಲ್ಲಿ ಬಂದ ಅದರ ಎರಡನೆಯ ಹಂತ ಈ ನಿಗಾವಣೆಯನ್ನು ಇನ್ನಷ್ಟು ಬಿಗಿಗೊಳಿಸಿವೆ.

ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಹಳದಿ ದೀಪವು ಮುಖ್ಯವಾಗಿ ಗಾಡಿಯ ಉಸಿರನ್ನು ಕಾಯುವುದಕ್ಕಾಗಿ ಹುಟ್ಟಿದೆ. ಹೊಗೆ ಮಿತಿಮೀರುವಂತಹ ಯಾವ ವ್ಯತ್ಯಾಸ ಕಂಡರೂ ಅದು ಹೊತ್ತಿಕೊಳ್ಳುತ್ತದೆ. ಇಂಜಿನು ಮುರಿಯಿತೆಂದು ಅದರ ಅರ್ಥವಲ್ಲ.

ಇನ್ನು ಸಂಕೇತವನ್ನು ಓದುವ ಬಗೆ. ಪ್ರತಿಯೊಂದು ಸಂಕೇತದಲ್ಲಿ ಒಂದು ಅಕ್ಷರ, ನಾಲ್ಕು ಅಂಕಿಗಳ ಸ್ಥಾನಗಳು ಇರುತ್ತವೆ. ಅಕ್ಷರ ‘ಪಿ’ ಆಗಿದ್ದರೆ ದೂರು ಇಂಜಿನು ಮತ್ತು ಗೇರಿನ ಭಾಗದ್ದು. ‘ಸಿ’ ಆಗಿದ್ದರೆ ಬ್ರೇಕು ಮೊದಲಾದ ಕೆಳಗಟ್ಟಿನದು. ‘ಬಿ’ ಆಗಿದ್ದರೆ ಬಾಡಿಯದು. ‘ಯು’ ಆಗಿದ್ದರೆ ಗಾಡಿಯೊಳಗಿನ ಕಂಪ್ಯೂಟರುಗಳು ಪರಸ್ಪರ ಮಾತನಾಡುವುದರಲ್ಲಿ ಬಿದ್ದ ತಡೆ. ಮೊದಲನೆಯ ಅಂಕಿ ಸೊನ್ನೆಯಾಗಿದ್ದರೆ ಅದು ಎಲ್ಲ ಕಂಪನಿಗಳಿಗೂ ಸಮಾನವಾದ ಸಂಕೇತ. ಒಂದಾಗಿದ್ದರೆ ಆಯಾ ಕಂಪನಿಯ ಸ್ವಂತದ್ದು. ‘ಪಿ’ ವರ್ಗದಲ್ಲಿ ಎರಡನೆಯ ಅಂಕಿ 1 ಅಥವಾ 2 ಆಗಿದ್ದರೆ ಗಾಳಿ ಮತ್ತು ಇಂಧನದ ಅಳತೆ. 3 ಆಗಿದ್ದರೆ ಕಿಡಿ ಹಾರುವ ವ್ಯವಸ್ಥೆ. 4 ಆಗಿದ್ದರೆ ಹೊಗೆ ಶುದ್ಧಿಯ ಉಪಕರಣಗಳು. 7 ಅಥವಾ 8 ಆಗಿದ್ದರೆ ಗೇರು. ಉಳಿದ ಎರಡು ಅಂಕಿಗಳು ನಿರ್ದಿಷ್ಟ ದೂರನ್ನು ಹೇಳುತ್ತವೆ.

ದೂರು ಎಂಬ ಮಾತನ್ನು ಓದುಗರು ಗಮನಿಸಬೇಕು. ನಮ್ಮ ಗಾಡಿಯ ಪಿ 0171 ಎಂದರೆ ‘ಮೊದಲ ಸಾಲಿನ ಸಿಲಿಂಡರುಗಳಲ್ಲಿ ಮಿಶ್ರಣ ತೆಳುವಾಗಿದೆ’ ಎಂದಷ್ಟೇ ಅರ್ಥ. ನಾಲ್ಕು ಸಿಲಿಂಡರಿನ ಸಾಮಾನ್ಯ ಕಾರಿನಲ್ಲಿ ಇರುವುದೇ ಒಂದು ಸಾಲು. ಅದರಲ್ಲಿ ‘ಆಕ್ಸಿಜನ್ ಸೆನ್ಸರ್ ಕೆಟ್ಟಿದೆ’ ಎಂಬ ಮಾತು ಎಲ್ಲಿಯೂ ಇಲ್ಲ. ಆ ಮಾತನ್ನು ಸೇರಿಸಿದವರು ನಾವು.

ಮಿಶ್ರಣ ತೆಳುವಾಗುವುದೆಂದರೇನು? ಪೆಟ್ರೋಲು ಸರಿಯಾಗಿ ಉರಿಯಬೇಕಾದರೆ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಒಳಬರುವ ಗಾಳಿಯನ್ನು ಒಂದು ಸೆನ್ಸರ್ ಅಳೆಯುತ್ತದೆ; ಆ ಅಳತೆಗೆ ತಕ್ಕಂತೆ ಕಂಪ್ಯೂಟರು ಪೆಟ್ರೋಲನ್ನು ಚಿಮ್ಮಿಸುತ್ತದೆ. ಉರಿದ ಮೇಲೆ ಹೊರಹೋಗುವ ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆಯೆಂಬುದನ್ನು ಆಕ್ಸಿಜನ್ ಸೆನ್ಸರ್ ನೋಡಿ ಹೇಳುತ್ತದೆ. ಆಮ್ಲಜನಕ ಹೆಚ್ಚಾಗಿ ಉಳಿದಿದ್ದರೆ ಪೆಟ್ರೋಲು ಕಡಿಮೆಯಾಯಿತೆಂದು ಕಂಪ್ಯೂಟರು ಸ್ವಲ್ಪ ಹೆಚ್ಚಿಗೆ ಕೊಡುತ್ತದೆ, ಕಡಿಮೆಯಾಗಿದ್ದರೆ ತಗ್ಗಿಸುತ್ತದೆ. ಈ ತಿದ್ದುಪಡಿಯನ್ನು ಅದು ಶೇಕಡಾ ಲೆಕ್ಕದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಮೆಕ್ಯಾನಿಕರು ಇದನ್ನು ಫ್ಯೂಯೆಲ್ ಟ್ರಿಮ್ ಎನ್ನುತ್ತಾರೆ. ಸೊನ್ನೆಯ ಆಚೆ ಈಚೆ ಶೇಕಡಾ ಹತ್ತರೊಳಗೆ ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ತಿದ್ದಿ ತಿದ್ದಿ ಮಿತಿ ಮುಟ್ಟಿದ ಮೇಲೆ ಕಂಪ್ಯೂಟರು ‘ಇನ್ನು ನನ್ನಿಂದಾಗದು’ ಎಂದು ದೀಪ ಹೊತ್ತಿಸುತ್ತದೆ.

ಅಡುಗೆಮನೆಯ ಉದಾಹರಣೆಯಿಂದ ಹೇಳುವುದಾದರೆ, ಸೊಸೆ ಅಕ್ಕಿಯನ್ನು ಅಳೆದು, ಅದಕ್ಕೆ ತಕ್ಕ ನೀರಿಟ್ಟು ಒಲೆಯ ಮುಂದೆ ಕುಳಿತಿದ್ದಾಳೆ. ಅವಳು ಅತ್ತ ತಿರುಗಿದಾಗ ಯಾರೋ ಪಾತ್ರೆಗೆ ಇನ್ನೊಂದು ಬೊಗಸೆ ಅಕ್ಕಿ ಹಾಕಿಬಿಡುತ್ತಾರೆ. ಅನ್ನ ಬಿರುಸಾಗುತ್ತದೆ. ಉಣ್ಣುವವರು ‘ನೀರು ಸಾಲದು’ ಎನ್ನುತ್ತಾರೆ. ಹಾಗೆ ಹೇಳಿದವರ ನಾಲಗೆಯನ್ನೇ ದೂರಿದರೆ ಅನ್ನ ಮೆತ್ತಗಾದೀತೇ? ಆಕ್ಸಿಜನ್ ಸೆನ್ಸರ್ ಆ ಉಣ್ಣುವವರಂತೆ. ಅದು ಇದ್ದುದನ್ನು ಇದ್ದಂತೆ ಹೇಳಿತ್ತು. ನಾನು 6,500 ರೂಪಾಯಿ ತೆತ್ತು ಸತ್ಯ ಹೇಳಿದ ಸಾಕ್ಷಿಯನ್ನೇ ಕಿತ್ತು ಬಿಸಾಡಿಸಿದ್ದೆ.

ಒಂಬತ್ತನೆಯ ದಿನ ದೀಪ ಮತ್ತೆ ಹೊತ್ತಿತು. ದೊಡ್ಡ ಗ್ಯಾರೇಜಿನಲ್ಲಿ ಈ ಸಲ “ಇಂಜೆಕ್ಟರ್ ಸ್ವಚ್ಛ ಮಾಡಬೇಕು” ಎಂದರು, 2,800 ರೂಪಾಯಿ. ಸಂಕೇತವನ್ನು ಅಳಿಸಿ ಕಳುಹಿಸಿದರು. ಎರಡು ವಾರದ ಬಳಿಕ ಮತ್ತೆ ಅದೇ ದೀಪ. “ಗಾಳಿ ಅಳೆಯುವ ಸೆನ್ಸರ್ ಬದಲಿಸೋಣ” ಎಂದರು, 9,000 ರೂಪಾಯಿ. ಒಟ್ಟು 18,300 ರೂಪಾಯಿ ಕೈಬಿಟ್ಟಿತು. ಯಾರೂ ನನಗೆ ಮೋಸ ಮಾಡಿದರೆಂದು ನಾನು ಹೇಳುವುದಿಲ್ಲ. ಮೂರು ಸಲವೂ ಅವರು ಸಂಕೇತವನ್ನು ಓದಿದರು. ಮೂರು ಸಲವೂ ಊಹಿಸಿದರು. ಮೂರು ಸಲವೂ ನಾನು ಕೇಳದೆ ತಲೆಯಾಡಿಸಿದೆ.

ಸೆಪ್ಟೆಂಬರಿನ ಒಂದು ಶುಕ್ರವಾರ ದಾರಿಯಲ್ಲಿ ರೈಲ್ವೆ ಗೇಟಿನ ಮುಂದೆ ಗಾಡಿ ನಿಲ್ಲಿಸಿದಾಗ ಇಂಜಿನು ತಾನಾಗಿಯೇ ಆರಿಹೋಯಿತು. ಮತ್ತೆ ಹೊತ್ತಿಸಿದರೆ ಹೊತ್ತುವುದು, ಕಾಲು ತೆಗೆದರೆ ಆರುವುದು. ಹಿಂದಿನ ಗಾಡಿಗಳು ಹಾರ್ನು ಹೊಡೆಯುತ್ತಿದ್ದವು. ವೈನಿಯವರು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು. “ಅಪ್ಪಾ, ಇದು ಹಿಂಗ ಕೈ ಕೊಟ್ರ ಹ್ಯಾಂಗಪಾ? ಬಸ್ಸಿಗೆ ಹೋಗಲೇನು?” ಎಂದು ಮೆಲ್ಲಗೆ ಕೇಳಿದರು. ಆ ದಿನ ನಾವು ಒಂದೂವರೆ ಗಂಟೆ ತಡವಾಗಿ ಮುಟ್ಟಿದೆವು. ನಮ್ಮ ಸರತಿ ಹೋಗಿತ್ತು. ಮಧ್ಯಾಹ್ನದವರೆಗೆ ಅವರು ಬೆಂಚಿನ ಮೇಲೆ ಊದಿದ ಕಾಲುಗಳನ್ನು ಚಾಚಿ ಕಾಯಬೇಕಾಯಿತು. ಅವರು ಒಂದು ಮಾತನ್ನೂ ಆಡಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಮರುದಿನ ಬೆಳಿಗ್ಗೆ ಓಣಿಯ ತುದಿಯ ಆ ಯುವಕನ ಮುಂದೆ ಹೋಗಿ ನಿಂತೆ. ಹಿಂದಿನ ಮಾತನ್ನು ಅವನು ಎತ್ತಲಿಲ್ಲ. ತನ್ನ ಮೊಬೈಲಿಗೆ ಹೊಂದುವ ಬೆಂಕಿಪೊಟ್ಟಣದಷ್ಟು ಸಾಧನವೊಂದನ್ನು ಸ್ಟಿಯರಿಂಗಿನ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿದನು. ಸಂಕೇತವನ್ನು ಓದಿದ ಬಳಿಕ ಅಳಿಸಲಿಲ್ಲ. ಬದಲಾಗಿ ಸಂಕೇತ ದಾಖಲಾದ ಕ್ಷಣದಲ್ಲಿ ಗಾಡಿಯ ಸ್ಥಿತಿ ಹೇಗಿತ್ತೆಂಬ ಪಟ್ಟಿಯನ್ನು ತೆಗೆದನು. ಇಂಜಿನಿನ ವೇಗ, ನೀರಿನ ಶಾಖ, ಗಾಡಿಯ ವೇಗ, ಇಂಧನದ ತಿದ್ದುಪಡಿ ಎಲ್ಲವೂ ಅದರಲ್ಲಿ ಅಚ್ಚಾಗಿದ್ದವು. ಇದನ್ನು ಫ್ರೀಜ್ ಫ್ರೇಮ್ ಎನ್ನುತ್ತಾರೆ. ಅಪಘಾತದ ಸ್ಥಳದಲ್ಲಿ ತೆಗೆದ ಫೋಟೋ ಇದ್ದಂತೆ. ಸಂಕೇತವನ್ನು ಅಳಿಸಿದರೆ ಈ ಫೋಟೋ ಕೂಡ ಅಳಿಸಿಹೋಗುತ್ತದೆ. ದೊಡ್ಡ ಗ್ಯಾರೇಜಿನಲ್ಲಿ ಮೂರು ಸಲ ಅಳಿಸಿದ್ದು ಇದನ್ನೇ. “ನೋಡ್ರಿ ಕಾಕಾ, ಗಾಡಿ ನಿಂತಾಗ ದೀಪ ಹತ್ತೇತಿ, ಓಡುವಾಗ ಅಲ್ಲ” ಎಂದನು.

ಬಳಿಕ ಅವನು ಇಂಜಿನನ್ನು ಬೆಚ್ಚಗಾಗಲು ಬಿಟ್ಟು ತಿದ್ದುಪಡಿಯ ಅಂಕಿಯನ್ನು ತೋರಿಸಿದನು. ನಿಂತಲ್ಲಿ ಅದು ಶೇಕಡಾ 24 ಇತ್ತು. ಆಕ್ಸಿಲರೇಟರ್ ಒತ್ತಿ ನಿಮಿಷಕ್ಕೆ 2,500 ಸುತ್ತಿಗೆ ಏರಿಸಿದಾಗ ಶೇಕಡಾ 6ಕ್ಕೆ ಇಳಿಯಿತು. ಅವನು ನಕ್ಕನು. ಈ ಎರಡು ಅಂಕಿಗಳಲ್ಲಿ ಉತ್ತರವಿತ್ತು. ಅಳೆಯುವ ಸೆನ್ಸರನ್ನು ದಾಟಿದ ಮೇಲೆ ಎಲ್ಲೋ ಒಂದು ಬಿರುಕಿನಿಂದ ಕಳ್ಳಗಾಳಿ ನುಗ್ಗುತ್ತಿದೆಯೆಂದುಕೊಳ್ಳಿ. ನಿಂತಲ್ಲಿ ಇಂಜಿನು ಎಳೆದುಕೊಳ್ಳುವ ಒಟ್ಟು ಗಾಳಿಯೇ ಕಡಿಮೆ. ಆಗ ಕಳ್ಳಗಾಳಿಯ ಪಾಲು ದೊಡ್ಡದಾಗಿ ಕಾಣುತ್ತದೆ. ವೇಗ ಏರಿದಾಗ ಒಟ್ಟು ಗಾಳಿ ಹಲವು ಪಟ್ಟು ಹೆಚ್ಚುತ್ತದೆ. ಕಳ್ಳಗಾಳಿಯ ಪಾಲು ಅದರಲ್ಲಿ ಕರಗಿಹೋಗುತ್ತದೆ. ಪೆಟ್ರೋಲ್ ಪಂಪು ಸೋತಿದ್ದರೆ ಅಥವಾ ಫಿಲ್ಟರು ಕಟ್ಟಿದ್ದರೆ ಇದು ತಿರುಗುಮುರುಗಾಗುತ್ತಿತ್ತು. ನಿಂತಲ್ಲಿ ಸರಿಯಿದ್ದು, ದಿಬ್ಬ ಏರುವಾಗ ಅಂಕಿ ಹೆಚ್ಚುತ್ತಿತ್ತು. ಒಂದೇ ಸಂಕೇತಕ್ಕೆ ಎರಡು ಕಾರಣಗಳು. ಆದರೆ ಅವುಗಳ ನಡತೆ ಬೇರೆ ಬೇರೆ. ಇನ್ನೊಂದು ಮಾತು: ಕೆಲವು ಕಾರುಗಳಲ್ಲಿ ಗಾಳಿಯ ಮೊತ್ತದ ಬದಲು ಒಳಕೊಳವೆಯ ಒತ್ತಡವನ್ನು ಅಳೆಯುತ್ತಾರೆ. ಅಂತಹ ಗಾಡಿಯಲ್ಲಿ ಇದೇ ಸೋರಿಕೆಯಿಂದ ಈ ಸಂಕೇತ ಬಾರದೆ, ನಿಂತಲ್ಲಿ ಇಂಜಿನಿನ ವೇಗ ಏರಬಹುದು. ಆದುದರಿಂದ ತನ್ನ ಮುಂದಿರುವ ಗಾಡಿ ಯಾವ ಬಗೆಯದೆಂಬುದನ್ನು ಮೆಕ್ಯಾನಿಕನು ಮೊದಲು ತಿಳಿದಿರಬೇಕು.

ಯುವಕನು ರಬ್ಬರ್ ಕೊಳವೆಗಳನ್ನು ಒಂದೊಂದಾಗಿ ಇಕ್ಕಳದಲ್ಲಿ ಮೆಲ್ಲಗೆ ಅದುಮುತ್ತ ಬಂದನು. ನಾಲ್ಕನೆಯದನ್ನು ಅದುಮಿದೊಡನೆ ಇಂಜಿನಿನ ನಡುಕ ನಿಂತಿತು. ಇಂಜಿನಿನ ಹೊಟ್ಟೆಯಲ್ಲಿ ಹುಟ್ಟುವ ಆವಿಯನ್ನು ಮರಳಿ ಉರಿಯಲು ಕಳುಹಿಸುವ ಬಾಗಿದ ಕೊಳವೆ ಅದು. ಮೇಲಿನಿಂದ ನೋಡಿದರೆ ಚೊಕ್ಕಟವಾಗಿತ್ತು. ಬಿಚ್ಚಿ ತಿರುಗಿಸಿದಾಗ ಅಡಿಯಲ್ಲಿ, ಬಾಗಿದ ಕಡೆ, ಶಾಖಕ್ಕೆ ಗಡುಸಾಗಿ ಬೆರಳುದ್ದದ ಬಿರುಕು ಬಿಟ್ಟಿತ್ತು. ಹೊಸ ಕೊಳವೆಗೆ 220 ರೂಪಾಯಿ. ಕೂಲಿ 150 ರೂಪಾಯಿ.

ಸಂಕೇತಗಳ ಕಡೆಗೆ ಮತ್ತೆ ಬರೋಣ. ನಮ್ಮ ರಸ್ತೆಗಳಲ್ಲಿ ಮೇಲಿಂದ ಮೇಲೆ ಕಾಣಸಿಗುವ ಇನ್ನೂ ಕೆಲವನ್ನು ಓದುಗರು ತಿಳಿದಿರಲಿ.

ಪಿ 0300ರಿಂದ ಆರಂಭವಾಗುವ ಗುಂಪು ಸಿಲಿಂಡರಿನಲ್ಲಿ ಉರಿ ತಪ್ಪುತ್ತಿದೆಯೆಂದು ಹೇಳುತ್ತದೆ. 0301 ಎಂದರೆ ಒಂದನೆಯ ಸಿಲಿಂಡರು, 0302 ಎಂದರೆ ಎರಡನೆಯದು, ಹೀಗೆ. 0300 ಎಂದರೆ ಒಂದೇ ಕಡೆಯಲ್ಲ, ಅಲ್ಲಲ್ಲಿ ತಪ್ಪುತ್ತಿದೆ. ಒಂದೊಂದು ಸಿಲಿಂಡರಿಗೂ ಒಂದೊಂದು ಇಗ್ನಿಷನ್ ಕಾಯಿಲ್ ಇರುವ ಗಾಡಿಯಲ್ಲಿ ಇದಕ್ಕೆ ಖರ್ಚಿಲ್ಲದ ಪರೀಕ್ಷೆಯೊಂದಿದೆ. ಒಂದನೆಯದರ ಕಾಯಿಲನ್ನು ಮೂರನೆಯದಕ್ಕೂ ಮೂರನೆಯದರದನ್ನು ಒಂದನೆಯದಕ್ಕೂ ಅದಲುಬದಲು ಮಾಡಿ ಓಡಿಸಿ ನೋಡುವುದು. ಸಂಕೇತ 0301ರಿಂದ 0303ಕ್ಕೆ ಸರಿದರೆ ದೋಷ ಕಾಯಿಲಿನಲ್ಲಿಯೇ ಇದೆ. ಅಲ್ಲಿಯೇ ಉಳಿದರೆ ಮುಂದೆ ಸ್ಪಾರ್ಕ್ ಪ್ಲಗ್ಗು, ಇಂಜೆಕ್ಟರ್ ಮತ್ತು ಕಡೆಗೆ ಸಿಲಿಂಡರಿನ ಒತ್ತಡವನ್ನು ಅನುಕ್ರಮವಾಗಿ ನೋಡಬೇಕು. ಹೊಸ ಸಾಮಾನು ಕೊಳ್ಳುವ ಮೊದಲೇ ಉತ್ತರ ಸಿಗುತ್ತದೆ.

ಪಿ 0420 ಎಂದರೆ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನ ಕಾರ್ಯಶಕ್ತಿ ಮಿತಿಗಿಂತ ಕುಗ್ಗಿದಂತೆ ಕಾಣುತ್ತಿದೆ ಎಂದರ್ಥ. ಈ ಕನ್ವರ್ಟರಿನೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳ ಲೇಪವಿರುವುದರಿಂದ ಅದರ ಬೆಲೆ ಬಹಳ. ಸೈಲೆನ್ಸರಿನ ಕೊಳವೆಯಲ್ಲಿ ಸೋರಿಕೆಯಿದ್ದರೂ ಇದೇ ಸಂಕೇತ ಬರಬಹುದು. ಅಲ್ಲದೆ ಕನ್ವರ್ಟರು ನಿಜವಾಗಿಯೂ ಕೆಟ್ಟಿದ್ದರೆ ಅದನ್ನು ಕೆಡಿಸಿದ್ದು ಯಾವುದೆಂದು ಹುಡುಕದೆ ಬದಲಿಸಬಾರದು. ಉರಿ ತಪ್ಪುವ ಇಂಜಿನು ಹಾಗೂ ಎಣ್ಣೆ ಕುಡಿಯುವ ಇಂಜಿನು ಹೊಸ ಕನ್ವರ್ಟರನ್ನೂ ಹಾಗೆಯೇ ಕೆಡಿಸುತ್ತವೆ.

ಪಿ 0113 ಎಂದರೆ ಒಳಗಾಳಿಯ ಶಾಖವನ್ನು ಅಳೆಯುವ ಸೆನ್ಸರಿನ ತಂತಿಯಲ್ಲಿ ವೋಲ್ಟೇಜು ಮಿತಿಮೀರಿದೆ ಎಂದರ್ಥ. ಇಂತಹ ಸಂಕೇತ ಬಂದಾಗ ಸೆನ್ಸರಿಗಿಂತ ಮೊದಲು ಅದರ ತಂತಿಯನ್ನೂ ಪ್ಲಗ್ಗನ್ನೂ ನೋಡಬೇಕು. ಪ್ಲಗ್ಗು ಕಳಚಿದ್ದರೂ, ತಂತಿ ತುಂಡಾಗಿದ್ದರೂ ಇದೇ ಬರುತ್ತದೆ. ಹೊಲದ ಬದಿಯಲ್ಲಿ, ಕಣದ ಹತ್ತಿರ ಗಾಡಿ ನಿಲ್ಲಿಸುವ ನಮ್ಮಂತಹವರಿಗೆ ಇಲಿಯ ಹಲ್ಲು ಎಂತಹುದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಒಮ್ಮೆಲೇ ಸಂಬಂಧವಿಲ್ಲದ ಏಳೆಂಟು ಸಂಕೇತಗಳು ಕಾಣಿಸಿಕೊಂಡರೆ ಏಳೆಂಟು ಭಾಗಗಳು ಕೆಟ್ಟಿವೆಯೆಂದು ಹೆದರಬೇಡಿ. ಬ್ಯಾಟರಿ ಸೋತಿರಬಹುದು, ಅರ್ಥಿಂಗ್ ತಂತಿ ಸಡಿಲಾಗಿರಬಹುದು. ಅಲ್ಲಿಂದ ಆರಂಭಿಸಲು ಹೇಳಿ.

ಕುಟುಂಬದವರೆಲ್ಲರೂ, ಮುಖ್ಯವಾಗಿ ಗಾಡಿ ನಡೆಸುವ ಹೆಣ್ಣುಮಕ್ಕಳೂ ಹೊಸದಾಗಿ ಕಲಿತ ಮಕ್ಕಳೂ ಈ ಕೆಳಗಿನ ಮಾತುಗಳನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಮೊದಲನೆಯದಾಗಿ, ದೀಪದ ಬಗೆಯನ್ನು ನೋಡಿರಿ. ಹಳದಿ ದೀಪ ಒಂದೇ ಸಮನೆ ಉರಿಯುತ್ತಿದ್ದು, ಗಾಡಿ ಎಂದಿನಂತೆ ಓಡುತ್ತಿದ್ದರೆ ನಿಧಾನವಾಗಿ ಊರು ಮುಟ್ಟಬಹುದು. ಕೆಲವು ದಿನಗಳೊಳಗೆ ತೋರಿಸಿದರಾಯಿತು. ಅದೇ ದೀಪ ಮಿಣುಕತೊಡಗಿದರೆ ಉರಿ ತೀವ್ರವಾಗಿ ತಪ್ಪುತ್ತಿದೆ, ಉರಿಯದ ಪೆಟ್ರೋಲು ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತಿದೆ ಎಂದು ತಿಳಿಯಿರಿ. ಆಗ ಕೂಡಲೇ ವೇಗ ತಗ್ಗಿಸಿ, ಸುರಕ್ಷಿತವಾದ ಜಾಗದಲ್ಲಿ ನಿಲ್ಲಿಸಿ, ಮೆಕ್ಯಾನಿಕನನ್ನು ಕರೆಯಿಸುವುದೇ ಲೇಸು. ಎಣ್ಣೆಯ ಡಬ್ಬಿಯ ಆಕಾರದ ಕೆಂಪು ದೀಪ ಅಥವಾ ಶಾಖದ ಕೆಂಪು ದೀಪ ಹೊತ್ತಿದರೆ ಒಂದು ಫರ್ಲಾಂಗು ಕೂಡ ಓಡಿಸದೆ ಇಂಜಿನನ್ನು ಆರಿಸಬೇಕು. ಅದು ಬೇರೆಯೇ ಮಾತು.

ಎರಡನೆಯದಾಗಿ, ಸಂಕೇತವನ್ನು ಅಳಿಸುವ ಮೊದಲು ಅದನ್ನೂ ಫ್ರೀಜ್ ಫ್ರೇಮಿನ ಅಂಕಿಗಳನ್ನೂ ಕಾಗದದ ಮೇಲೆ ಬರೆಸಿಕೊಳ್ಳಿರಿ, ಇಲ್ಲವೇ ಪರದೆಯ ಫೋಟೋ ತೆಗೆದುಕೊಳ್ಳಿರಿ. ದೀಪ ಆರಲೆಂದು ಬ್ಯಾಟರಿಯ ತಂತಿ ಕೀಳುವ ಹಳೆಯ ರೂಢಿಯನ್ನು ಬಿಡಿರಿ. ಅದರಿಂದ ಸಾಕ್ಷ್ಯ ಅಳಿಯುತ್ತದೆ, ಕಂಪ್ಯೂಟರು ಕಲಿತಿಟ್ಟುಕೊಂಡ ಅಳತೆಗಳೂ ಹೋಗುತ್ತವೆ, ಕಾಯಿಲೆ ಮಾತ್ರ ಉಳಿಯುತ್ತದೆ.

ಮೂರನೆಯದಾಗಿ, ಯಾವುದಾದರೂ ಭಾಗ ಬದಲಿಸಬೇಕೆಂದು ಹೇಳಿದರೆ, “ಇದೇ ಕೆಟ್ಟಿದೆಯೆಂದು ಯಾವ ಪರೀಕ್ಷೆಯಿಂದ ತಿಳಿಯಿತು?” ಎಂದು ವಿನಯದಿಂದ ಕೇಳಿರಿ. ಬಲ್ಲವನು ಸಂತೋಷದಿಂದ ತೋರಿಸುತ್ತಾನೆ. “ಸಂಕೇತ ಹಾಗೆ ಹೇಳುತ್ತದೆ” ಎಂಬ ಉತ್ತರ ಬಂದರೆ ಹಣ ತೆಗೆಯುವ ಮೊದಲು ಇನ್ನೊಬ್ಬರ ಅಭಿಪ್ರಾಯ ಕೇಳುವುದು ಒಳ್ಳೆಯದು. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆದುಕೊಳ್ಳಿರಿ.

ನಾಲ್ಕನೆಯದಾಗಿ, ದೀಪ ಆರಿದ ಮಾತ್ರಕ್ಕೆ ರಿಪೇರಿಯಾಯಿತೆಂದು ನಂಬಬೇಡಿರಿ. ಅಳಿಸಿದರೆ ಯಾವ ದೀಪವೂ ಆರುತ್ತದೆ. ಅನೇಕ ದೋಷಗಳನ್ನು ಕಂಪ್ಯೂಟರು ಮೊದಲ ಸಲ ಕಂಡಾಗ ಗುರುತು ಮಾಡಿಟ್ಟುಕೊಂಡು, ಎರಡನೆಯ ಓಟದಲ್ಲಿಯೂ ಕಂಡ ಬಳಿಕವೇ ದೀಪ ಹೊತ್ತಿಸುತ್ತದೆ. ದೋಷ ನಿಜವಾಗಿ ನೀಗಿದ್ದರೆ, ಆ ಪರೀಕ್ಷೆ ನಡೆದು ಸತತ ಮೂರು ಓಟಗಳಲ್ಲಿ ತಪ್ಪು ಕಾಣದಿದ್ದಾಗ ದೀಪ ತಾನಾಗಿಯೇ ಆರುತ್ತದೆ. ಆದುದರಿಂದ ರಿಪೇರಿಯ ನಂತರ ಕೆಲವು ದಿನ ಓಡಿಸಿ, ಇಂಧನದ ತಿದ್ದುಪಡಿ ಸೊನ್ನೆಯ ಹತ್ತಿರಕ್ಕೆ ಬಂದಿದೆಯೇ ಎಂದು ಮತ್ತೊಮ್ಮೆ ನೋಡಿಸಿರಿ. ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನಮ್ಮ ಮಕ್ಕಳಿಗೂ ಈ ಮಾತು ಅನ್ವಯಿಸುತ್ತದೆ. ಅಲ್ಲಿ 2000 ಮತ್ತು ಅದರ ಬಳಿಕದ ಪೆಟ್ರೋಲ್ ಕಾರುಗಳ ಹೊಗೆ ತಪಾಸಣೆಯನ್ನು ಈ ಸಾಕೆಟ್ಟಿನ ಮೂಲಕವೇ ಮಾಡುತ್ತಾರೆ. ಹಿಂದಿನ ರಾತ್ರಿ ಸಂಕೇತ ಅಳಿಸಿಕೊಂಡು ಹೋದರೆ ಒಳಪರೀಕ್ಷೆಗಳು ಇನ್ನೂ ಮುಗಿದಿಲ್ಲವೆಂದು ಯಂತ್ರವೇ ಹೇಳಿ ಗಾಡಿಯನ್ನು ತಿರುಗಿ ಕಳುಹಿಸುತ್ತದೆ.

ಕೊನೆಯದಾಗಿ, ಮೊಬೈಲಿಗೆ ಹೊಂದುವ ಸಣ್ಣ ಸ್ಕ್ಯಾನರುಗಳು ಈಗ ಕಡಿಮೆ ಬೆಲೆಗೆ ಸಿಗುತ್ತವೆ. ಮನೆಯಲ್ಲಿ ಒಂದಿದ್ದರೆ ಒಳ್ಳೆಯದೇ. ಆದರೆ ಜ್ವರ ಅಳೆಯುವ ಕಡ್ಡಿ ಮನೆಯಲ್ಲಿದ್ದ ಮಾತ್ರಕ್ಕೆ ನಾವು ವೈದ್ಯರಾಗುವುದಿಲ್ಲ. ಕೆಲಸ ಮುಗಿದ ಮೇಲೆ ಅದನ್ನು ಸಾಕೆಟ್ಟಿನಿಂದ ತೆಗೆದಿಡಿರಿ. ಬಿಟ್ಟರೆ ಕೆಲವು ಸಾಧನಗಳು ನಿಂತ ಗಾಡಿಯ ಬ್ಯಾಟರಿಯನ್ನು ಮೆಲ್ಲಮೆಲ್ಲನೆ ಹೀರುತ್ತವೆ.

ನನ್ನ ಕಥೆಗೆ ಬಂದರೆ, ಕೊಳವೆ ಬದಲಿಸಿದ ಮೇಲೆ ಆ ದೀಪ ಮತ್ತೆ ಹೊತ್ತಲಿಲ್ಲ. ಒಂದು ವಾರದ ನಂತರ ಯುವಕನು ತಾನಾಗಿಯೇ ಮನೆಗೆ ಬಂದು, ಸಾಧನವನ್ನು ಸಿಕ್ಕಿಸಿ, ನಿಂತಲ್ಲಿ ಶೇಕಡಾ 3 ಎಂಬ ಅಂಕಿಯನ್ನು ತೋರಿಸಿ ಹೋದನು. ಅದಕ್ಕೆ ಹಣ ಮುಟ್ಟಲಿಲ್ಲ. “ತಮ್ಮಾ, ಮೊದಲ ದಿನಾನ ನಿನ್ನ ಮಾತು ಕೇಳಬೇಕಾಗಿತ್ತು. ತಪ್ಪು ನಂದು” ಎಂದೆ. ಅವನು ನಾಚಿಕೊಂಡು, “ಬಿಡ್ರಿ ಕಾಕಾ, ವೈನಿಯಾರು ಆರಾಮ ಹೋಗಿ ಬಂದ್ರ ಸಾಕು” ಎಂದನು.

ನನ್ನ ಕೈಬಿಟ್ಟ 18,300 ರೂಪಾಯಿಗಳನ್ನು ನಾನು ಇಷ್ಟರಲ್ಲಿಯೇ ಮರೆತೇನು. ಆ ಶುಕ್ರವಾರ ಬೆಂಚಿನ ಮೇಲೆ ವೈನಿಯವರು ಕಳೆದ ಹೊತ್ತನ್ನು ಮರೆಯಲಾರೆ. ಗಾಡಿಯ ದೀಪದ ವಿಷಯದಲ್ಲಾಗಲಿ, ಮನೆಯ ಮಂದಿಯ ವಿಷಯದಲ್ಲಾಗಲಿ, ದೂರು ಕಿವಿಗೆ ಬಿದ್ದೊಡನೆ ತೀರ್ಪು ಕೊಟ್ಟುಬಿಡುವ ಅಭ್ಯಾಸ ನಮ್ಮಲ್ಲಿ ಹೆಚ್ಚು. ದೂರನ್ನು ಪೂರ್ತಿಯಾಗಿ ಕೇಳಿ, ಅದು ಯಾವ ಹೊತ್ತಿನಲ್ಲಿ, ಯಾವ ಸ್ಥಿತಿಯಲ್ಲಿ ಹುಟ್ಟಿತೆಂದು ವಿಚಾರಿಸಿ, ಬಳಿಕ ಕೈ ಹಾಕಿದರೆ ಎಷ್ಟೋ ಕೆಲಸಗಳು ಒಂದು ತುಂಡು ರಬ್ಬರಿನ ಕೊಳವೆಯಲ್ಲಿ ಮುಗಿದುಹೋಗುತ್ತವೆ.

ಮುಂದಿನ ತಿಂಗಳು ಬ್ಯಾಟರಿಯ ಆರೈಕೆಯ ವಿಷಯವಾಗಿ ಬರೆಯುವೆನು. ತಮ್ಮ ತಮ್ಮ ಅನುಭವಗಳನ್ನು ಓದುಗರು ಎಂದಿನಂತೆ ಪತ್ರಮುಖೇನ ತಿಳಿಸಬೇಕಾಗಿ ವಿನಂತಿ.